ಬೇವಿನ ತಿರುವಿನಲ್ಲಿ ಎರಡು ಹಾರ್ನು

ಗುರಣ್ಣನ ಮೋಟಾರ್‌ಸೈಕಲ್ಲಿಗೆ ಈಗ ಹೆಸರಿಲ್ಲ. ಟ್ಯಾಂಕಿನ ಮೇಲಿದ್ದ ಕಂಪನಿಯ ಅಕ್ಷರಗಳನ್ನು ಅವನ ಮೊಣಕಾಲುಗಳೇ ಉಜ್ಜಿ ಉಜ್ಜಿ ಅಳಿಸಿ ಎಷ್ಟೋ ವರ್ಷವಾಯಿತು. ಅರವತ್ತೇಳನೇ ಇಸವಿಯ ಗಾಡಿ. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ತಿರುವಿದರೆ ಅದೇ ಗೇರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಬ್ಯಾಟರಿಗೆ ದೀಪ ಹೊತ್ತಿಸುವಷ್ಟೂ ಕಸುವಿಲ್ಲ, ಆದ್ದರಿಂದ ಹ್ಯಾಂಡಲ್ಲಿಗೆ ರಬ್ಬರ್ ಉಂಡೆಯ ಒಂದು ಹಿತ್ತಾಳೆ ಪೊಂಪೊಂ ಹಾರ್ನು ಕಟ್ಟಿದ್ದಾನೆ. ಸುರಪುರದ ಜನ ಅದನ್ನು ಗುರಣ್ಣನ ಫಟಫಟಿ ಎನ್ನುತ್ತಾರೆ. ಗುರಣ್ಣ ಮಾತ್ರ ಬರೀ ಗಾಡಿ ಎನ್ನುತ್ತಾನೆ, ಜಗತ್ತಿನಲ್ಲಿ ಬೇರೆ ಗಾಡಿಗಳೇ ಇಲ್ಲವೆಂಬಂತೆ.

ಅವನು ಹುಟ್ಟಿದ್ದು ಕೃಷ್ಣೆಯ ದಂಡೆಯ ಊರಿನಲ್ಲಿ. ಅಪ್ಪ ಹರಗೋಲು ನಡೆಸುತ್ತಿದ್ದ, ಉಳಿದ ಹೊತ್ತು ಮೀನು ಹಿಡಿಯುತ್ತಿದ್ದ. ನಾರಾಯಣಪುರದ ಡ್ಯಾಮು ಎದ್ದು ನಿಂತ ಮೇಲೆ ಮಗನಿಗೆ ಕಾಲುವೆಯ ಮೇಲೆ ಗೇಜ್ ನೋಡುವ ಕೆಲಸ ಸಿಕ್ಕಿತು. ಕಾಲುವೆಯ ಗೋಡೆಗೆ ಬರೆದ ಅಡಿ-ಇಂಚಿನ ಪಟ್ಟಿಯಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ದಿನಕ್ಕೆ ಮೂರು ಸಲ ನೋಡಿ ಬರೆಯುವುದು. ಮೂವತ್ತೇಳು ವರ್ಷ ಅದೊಂದೇ ಕೆಲಸ. ಒಂದು ದಿನವೂ ತಪ್ಪು ಬರೆಯಲಿಲ್ಲ ಎಂದು ಅವನೇ ಹೇಳುತ್ತಾನೆ. ಬೇರೆ ಯಾರೂ ಹೋಗಿ ನೋಡಿಲ್ಲವಾದ್ದರಿಂದ ಒಪ್ಪಿಕೊಳ್ಳಬೇಕು.

ವರ್ಗವಾಗಿ ಹೊರಟ ಓವರ್‌ಸಿಯರ್ ಒಬ್ಬರಿಂದ ಎಂಬತ್ತೆರಡರಲ್ಲಿ ಗಾಡಿ ಕೊಂಡ. ಮರುವರ್ಷ ಮದುವೆ. ಹುಡುಗಿ ಸಾಯಬಮ್ಮ, ಸುರಪುರದ ಆಚೆ ಗುಡ್ಡದ ನೆತ್ತಿಯ ಮೇಲಿದ್ದ ಮೇಲಿನದೊಡ್ಡಿಯವಳು. ಗುರಣ್ಣನಿಗೂ ಗುಡ್ಡಕ್ಕೂ ಸಂಬಂಧ ಬೆಳೆದದ್ದು ಹೀಗೆ. ಹೊಳೆದಂಡೆಯವರಿಗೆ ಏರು ಎಂದರೆ ಏನೆಂದು ಗೊತ್ತಿರುವುದಿಲ್ಲ, ನೀರು ಯಾವತ್ತೂ ಇಳಿದೇ ಹೋಗುತ್ತದಲ್ಲ.

ಆ ಗುಡ್ಡದ ರಸ್ತೆ ಉದ್ದಕ್ಕೆ ಹೆಚ್ಚಿಲ್ಲ, ಎರಡೂವರೆ ಕಿಲೋಮೀಟರು. ಐದು ತಿರುವು. ಮೂರನೆಯದರಲ್ಲಿ ಒಂದು ಬೇವಿನ ಮರ, ಅದಕ್ಕೆ ಬೇವಿನ ತಿರುವು ಎಂದೇ ಹೆಸರು. ಅಲ್ಲಿಂದ ಮೇಲೆ ರಸ್ತೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಮದುವೆಯಾದ ಹದಿನೈದನೇ ದಿನಕ್ಕೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗುರಣ್ಣ ಜೋರಿನಲ್ಲಿ ಬಂದವನು, ಬೇವಿನ ತಿರುವಿನಲ್ಲಿ ಗಾಡಿ ಕೆಮ್ಮಿ ನಿಂತಾಗ, ಹೊಸ ಹೆಂಡತಿಗೆ ಇಳಿ ಎನ್ನಬೇಕಾಯಿತು. ಅವಳು ಇಳಿದಳು. ಹೊಸ ಸೀರೆಯಲ್ಲಿ ಒಂದು ಕಿಲೋಮೀಟರು ಏರಿ ನಡೆದು ಬಂದಳು. ಮೇಲೆ ಅವಳ ಅಣ್ಣ ಅಂಬ್ರಪ್ಪ ಹಲ್ಲು ಕಿರಿಯುತ್ತ ನಿಂತಿದ್ದ.

"ಏನ್ರಿ ಬೀಗ್ರ, ನಮ್ಮ ಹುಡುಗೀನ ನಡಿಸಿಕೊಂಡು ಬಂದೀರಿ? ಹಂಗಾದ್ರ ಗಾಡಿ ಯಾತಕ್ಕ?"

"ಮುಂದಿನ ಸಲ ಕುಂದ್ರಿಸ್ಕೊಂಡೇ ಬರ್ತೀನಿ" ಎಂದ ಗುರಣ್ಣ.

ಆ ಮುಂದಿನ ಸಲ ಬರಲೇ ಇಲ್ಲ. ಪಂಚಮಿಗೆ, ದೀಪಾವಳಿಗೆ, ಬಾಣಂತನಕ್ಕೆ, ಸಾವಿಗೆ, ನಲವತ್ತು ವರ್ಷ ಗಂಡ ಹೆಂಡತಿ ಆ ಗುಡ್ಡ ಏರಿದರು. ಬೇವಿನ ಮರ ಬಂತೆಂದರೆ ಗುರಣ್ಣ ರಬ್ಬರ್ ಉಂಡೆಯನ್ನು ಎರಡು ಸಲ ಹಿಂಡುತ್ತಿದ್ದ. ಪೊಂ, ಪೊಂ. ಅದು ಇಳಿ ಎಂಬುದಕ್ಕೆ ಗುರುತು. ಮೊದಮೊದಲು ಬಾಯಿಂದ ಹೇಳುತ್ತಿದ್ದ. ಹೆಂಡತಿಗೆ ಇಳಿ ಇಳಿ ಎನ್ನುವುದು ಅವನಿಗೇ ನಾಚಿಕೆ ಎನಿಸಿ ಹಾರ್ನಿಗೆ ಒಪ್ಪಿಸಿದ. ಗಾಡಿ ಪೂರ್ತಿ ನಿಲ್ಲಬೇಕೆಂದೂ ಇರಲಿಲ್ಲ. ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದ ಸಾಯಬಮ್ಮ, ಗಾಡಿ ಮಂದವಾಗುತ್ತಿದ್ದಂತೆ ಸೆರಗು ಸಿಕ್ಕಿಸಿ ನೆಲಕ್ಕೆ ಕಾಲೂರುತ್ತಿದ್ದಳು. ಗುರಣ್ಣ ಮೇಲೆ ಹೋಗಿ, ರಸ್ತೆ ಮುಗಿಯುವಲ್ಲಿ ಇದ್ದ ಚಪ್ಪಟೆ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಅವಳು ಏದುಸಿರು ಬಿಡುತ್ತ ಬಂದಾಗ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು.

"ಭಾಳ ಹೊತ್ತು ಮಾಡಿದಿ."

ಸಾಯಬಮ್ಮ ಏನೂ ಹೇಳುತ್ತಿರಲಿಲ್ಲ. ಅವಳಿಗೆ ಆಗ ಉಸಿರು ಬೇಕಾಗಿರುತ್ತಿತ್ತು.

ಮೂರು ವರ್ಷದ ಹಿಂದೆ ಅವಳ ಬಲಮೊಣಕಾಲು ಕೈಕೊಟ್ಟಿತು. ಕೊನೆಯ ಸಲ ಬೇವಿನ ತಿರುವಿನಿಂದ ಮೇಲೆ ಬರಲು ಅವಳಿಗೆ ಒಂದು ತಾಸು ಹಿಡಿಯಿತು. ಗುರಣ್ಣ ಅಷ್ಟರಲ್ಲಿ ಕಲ್ಲಿನ ಮೇಲೆ ನಿದ್ದೆ ಹೋಗಿದ್ದ. ಎಬ್ಬಿಸಿದಾಗ ಕಣ್ಣು ಬಿಡುವ ಮೊದಲೇ ತನ್ನ ಮಾತು ಹೇಳಿದ. ಅಂದಿನಿಂದ ಸಾಯಬಮ್ಮ ತವರಿಗೆ ಹೋಗುವುದಿದ್ದರೆ ಅಣ್ಣನ ಮಗನ ಆಟೋ ಕರೆಸುತ್ತಾಳೆ. ಗುರಣ್ಣ ಗಾಡಿ ಹೊರಗೆ ತೆಗೆದರೂ ಹತ್ತುವುದಿಲ್ಲ. ಜಗಳವಿಲ್ಲ, ಮಾತಿಲ್ಲ, ಆಟೋದಲ್ಲಿ ಕೂತು ಹೋಗುತ್ತಾಳೆ. ಗುರಣ್ಣ ಹಿಂದೆ ಹಿಂದೆ ಖಾಲಿ ಸೀಟಿನ ಗಾಡಿ ಹೊಡೆದುಕೊಂಡು ಹೋಗುತ್ತಾನೆ. ಇದು ಅವನಿಗೆ ಚುಚ್ಚುತ್ತಿತ್ತು, ಆದರೆ ಯಾಕೆ ಚುಚ್ಚುತ್ತದೆಂದು ಕೂತು ಯೋಚಿಸುವ ಪೈಕಿಯವನಲ್ಲ ಅವನು. ಗಾಡಿಯ ಮರ್ಯಾದೆ ಹೋಯಿತು ಎಂದಷ್ಟೇ ಅಂದುಕೊಂಡಿದ್ದ.

ಹೀಗಿರುವಾಗ ಶಹಾಪುರದ ಮೆಕ್ಯಾನಿಕ್ ಫಿರೋಜ್ ಒಂದು ಸುದ್ದಿ ತಂದ. ನಲವತ್ತು ವರ್ಷಕ್ಕಿಂತ ಹಳೆಯ ಮೋಟಾರ್‌ಸೈಕಲ್ಲುಗಳು ಗುಡ್ಡ ಏರುವ ಒಂದು ಪಂದ್ಯ. ಜಾಗ ಮೇಲಿನದೊಡ್ಡಿಯ ರಸ್ತೆ. ಉದ್ದೇಶ ಧರ್ಮದ್ದು. ಹೊಳೆಯ ನಡುವಿನ ಸಣ್ಣಗಡ್ಡಿ ಎಂಬ ಊರಿಗೆ ಡ್ಯಾಮಿನ ಬಾಗಿಲು ತೆರೆದಾಗಲೆಲ್ಲ ದಾರಿ ಕಡಿದುಹೋಗುತ್ತದೆ, ದಿನ ತುಂಬಿದ ಬಸುರಿಯರು ದಂಡೆಗೆ ಬರಲು ದಿಕ್ಕಿಲ್ಲ. ಅಲ್ಲಿನ ನರ್ಸ್ ಅನುರಾಧಾ ಒಂದು ಮೋಟಾರ್ ಬೋಟಿಗಾಗಿ ಓಡಾಡುತ್ತಿದ್ದಳು. ಒಂದೊಂದು ಗಾಡಿಯ ಬೆನ್ನಿಗೆ ಒಬ್ಬ ದಾನಿ. ಗಾಡಿ ಮೇಲೆ ಮುಟ್ಟಿದರೆ ಆ ದಾನಿ ಬೋಟಿನ ಒಂದು ಸಾಮಾನು ಕೊಡುತ್ತಾನೆ. ಒಬ್ಬ ಎಂಜಿನ್, ಒಬ್ಬ ಹಗ್ಗ ಮತ್ತು ಲಂಗರು, ಒಬ್ಬ ಮೇಲಿನ ತಗಡಿನ ನೆರಳು.

"ನಿಮ್ಮ ಗಾಡಿಗೆ ಗಣಿ ನಡಸೋ ನಮ್ಮ ಕಲ್ಲಿನ ಸಾವ್ಕಾರ ಹತ್ತು ಜಾಕೀಟ್ ಒಪ್ಪ್ಯಾನ್ರಿ ಕಾಕಾ, ನೀರಾಗ ತೇಲೋ ಜಾಕೀಟು" ಎಂದ ಫಿರೋಜ್. "ಆದ್ರ ಒಂದು ಷರತ್ತು ಅದ. ಜೋಡಿ ಏರಬೇಕಂತ. ಇಬ್ಬರೂ ಕುಂತು, ಕೆಳಗ ಕಾಲು ಇಡದಂಗ."

ಗುರಣ್ಣ ಫಿರೋಜನ ಮುಖ ನೋಡಿದ. ನಲವತ್ತು ವರ್ಷದ ಮುಂದಿನ ಸಲ ಕಡೆಗೂ ಬಂದಿತ್ತು, ಜೊತೆಗೆ ಹತ್ತು ಜಾಕೀಟು ಬೇರೆ.

ಫಿರೋಜ್ ಒಂದು ತಿಂಗಳು ಗಾಡಿಯನ್ನು ಬಿಚ್ಚಿ ಹರವಿದ. ಪಿಸ್ಟನ್ ಬದಲಾಯಿತು. ಹಿಂದಿನ ಗಾಲಿಯ ಹಲ್ಲಿನ ಚಕ್ರ ತೆಗೆದು ಅದಕ್ಕಿಂತ ದೊಡ್ಡದನ್ನು ಕೂರಿಸಿದ. ವೇಗ ಕಡಿಮೆಯಾಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ ಎಂದು ವಿವರಿಸಿದ. ಆಮೇಲೆ ಪರೀಕ್ಷೆ. ಗುರಣ್ಣ ಹೆಂಡತಿಯ ತೂಕ ಕೇಳುವ ಧೈರ್ಯ ಮಾಡಲಿಲ್ಲ, ಕಣ್ಣಳತೆಯಲ್ಲೇ ಅಂದಾಜು ಮಾಡಿ ಅಷ್ಟು ತೂಕದ ತೊಗರಿ ಚೀಲವೊಂದನ್ನು ಹಿಂದಿನ ಸೀಟಿಗೆ ಹಗ್ಗ ಹಾಕಿ ಬಿಗಿದ. ಬೆಳಿಗ್ಗೆ ಆರಕ್ಕೆ, ರಸ್ತೆಯಲ್ಲಿ ಯಾರೂ ಇಲ್ಲದಾಗ, ಗಾಡಿ ಬೇವಿನ ತಿರುವನ್ನು ದಾಟಿ ಗುಂಯ್ ಎನ್ನುತ್ತ ನೆತ್ತಿ ಮುಟ್ಟಿತು. ಮರುದಿನವೂ ಮುಟ್ಟಿತು. ಮೂರನೇ ದಿನ ಚೀಲಕ್ಕೆ ಇನ್ನೂ ಐದು ಕಿಲೋ ಸುರಿದು ನೋಡಿದರು, ಆಗಲೂ ಮುಟ್ಟಿತು. ಗುರಣ್ಣ ಕಲ್ಲಿನ ಮೇಲೆ ಕೂತು ತೊಗರಿ ಚೀಲದ ಬೆನ್ನು ತಟ್ಟಿದ. ಹೆಂಡತಿಯ ಬೆನ್ನನ್ನು ಅವನು ಹಾಗೆ ತಟ್ಟಿದ್ದನ್ನು ಯಾರೂ ಕಂಡಿಲ್ಲ.

ಸಾಯಬಮ್ಮನನ್ನು ಒಪ್ಪಿಸುವುದು ಪಿಸ್ಟನ್ ಬದಲಿಸುವುದಕ್ಕಿಂತ ಕಷ್ಟವಾಯಿತು. ಅವಳು ರೊಟ್ಟಿ ಬಡಿಯುತ್ತಿದ್ದಳು.

"ತೊಗರಿ ಚೀಲ ಕುಂತು ಬಂತಂತ ಕೇಳೀನಿ" ಎಂದಳು. "ಅದನ್ನೇ ಕುಂದ್ರಿಸ್ಕೊಂಡು ಹೋಗ್ರಿ."

"ಜೋಡಿ ಅಂದ್ರ ಮನಿಷೇರು ಬೇಕಂತ. ಗಡ್ಡಿ ಹೆಣ್ಮಕ್ಕಳ ಸಲುವಾಗಿ ಅದು. ನೀನೇ ನೋಡೀಯಲ್ಲ, ನಮ್ಮೂರಾಗ ಹೊಳಿ ಬಂದಾಗ ಏನ್ ಗತಿ ಆಗತಿತ್ತು."

ಸಾಯಬಮ್ಮ ರೊಟ್ಟಿ ಹಂಚಿಗೆ ಹಾಕಿದಳು, ನೀರು ಸವರಿದಳು. ಅವಳಿಗೆ ಗೊತ್ತಿತ್ತು. ಅವಳ ಮೊದಲ ಹೆರಿಗೆಯೇ ಹರಗೋಲಿನಲ್ಲಿ ಅರ್ಧ ಆಗಿತ್ತು.

"ಈ ಸಲ ಇಳಿಸಂಗಿಲ್ಲಲ್ಲ?"

"ಇಳಿಸಂಗಿಲ್ಲ."

"ಇಳಿಸಿದ್ರ, ಇಲ್ಲೇ ಹೇಳಿಬಿಡ್ತೀನಿ, ಇನ್ನ ನಾ ಬದುಕಿರೋತನ ನಿಮ್ಮ ಗಾಡಿ ಹತ್ತಂಗಿಲ್ಲ. ಪ್ಯಾಟಿಗೂ ಇಲ್ಲ, ದವಾಖಾನಿಗೂ ಇಲ್ಲ."

"ಇಳಿಸಿದ್ರ ಗಾಡೀನ ಹೊಳಿಗೆ ನೂಕ್ತೀನಿ" ಎಂದ ಗುರಣ್ಣ. ಇದು ಸುಳ್ಳು, ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಒಪ್ಪಿದಳು.

ಪಂದ್ಯ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ. ಗುಡ್ಡದ ಬುಡದಲ್ಲಿ ಹದಿನಾಲ್ಕು ಹಳೆಯ ಗಾಡಿಗಳು ಸಾಲಾಗಿ ನಿಂತು ಹೊಗೆ ಬಿಡುತ್ತಿದ್ದವು. ಯಾದಗಿರಿಯಿಂದ, ಕಲಬುರಗಿಯಿಂದ ಬಂದವರು ಚರ್ಮದ ಕೋಟು ಹಾಕಿ, ಮಿರಮಿರ ಮಿಂಚುವ ಗಾಡಿ ತಂದಿದ್ದರು. ಅವು ಮನೆಯಲ್ಲಿ ಬಟ್ಟೆ ಹೊದ್ದು ಮಲಗಿರುವ ಗಾಡಿಗಳು, ದುಡಿದವಲ್ಲ. ಗುರಣ್ಣ ಅವನ್ನು ಒಂದು ಸಲ ನೋಡಿ ಮುಖ ತಿರುಗಿಸಿದ. ಅವನದು ಬಿಳಿ ಅಂಗಿ, ಧೋತ್ರ, ತಲೆಗೆ ಫಿರೋಜ್ ಕೊಟ್ಟ ಹೆಲ್ಮೆಟ್ಟು. ಹೆಲ್ಮೆಟ್ಟು ಅವನಿಗೆ ಹೊಸದು. ಹಾಕಿಕೊಂಡರೆ ತನ್ನ ಉಸಿರು ಬಿಟ್ಟು ಬೇರೇನೂ ಕೇಳುವುದಿಲ್ಲ ಎಂದು ತಕರಾರು ಮಾಡಿದ. ಕಾಯಿದೆ ಎಂದರು, ಹಾಕಿಕೊಂಡ. ಸಾಯಬಮ್ಮನಿಗೂ ಒಂದು ಸಿಕ್ಕಿತು. ಅವಳು ಸೆರಗನ್ನು ಅದರ ಮೇಲಿಂದ ಹೊದ್ದುಕೊಂಡಳು.

ಎರಡೆರಡು ನಿಮಿಷಕ್ಕೆ ಒಂದು ಗಾಡಿ ಬಿಡುತ್ತಿದ್ದರು. ಗುರಣ್ಣನದು ಹತ್ತನೆಯದು. ಬಾವುಟ ಬಿತ್ತು. ಒಂದನೇ ತಿರುವು ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಚೈನು ಕಟಕಟ ಎಂದರೂ ಗಾಡಿ ತಡೆಯಲಿಲ್ಲ. ಗುರಣ್ಣನಿಗೆ ಹಿಂದೆ ಹೆಂಡತಿಯ ಕೈ ತನ್ನ ಹೆಗಲ ಮೇಲಿರುವುದು ಗೊತ್ತಾಗುತ್ತಿತ್ತು. ಬೇವಿನ ಮರ ಕಂಡಿತು. ಗೇರು ಇಳಿಸಿದ. ಗಾಡಿ ನಡೆಯುವವರಷ್ಟು ಮಂದವಾಯಿತು, ಅದು ಆಗಲೇಬೇಕಿತ್ತು, ತೊಗರಿ ಚೀಲದೊಂದಿಗೂ ಹಾಗೇ ಆಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಆರಕ್ಕೆ ಇಲ್ಲದಿದ್ದದ್ದು ಈಗ ಅಲ್ಲಿತ್ತು. ಬೇವಿನ ಮರದ ಕೆಳಗಿಂದ ನಾಲ್ಕು ಆಡು ರಸ್ತೆಗಿಳಿದು, ನಡುವೆ ನಿಂತು, ಬರುತ್ತಿದ್ದ ಗಾಡಿಯನ್ನು ಆಲಸ್ಯದಿಂದ ನೋಡುತ್ತಿದ್ದವು. ಗುರಣ್ಣನ ಎಡಗೈ ತಾನಾಗಿ ರಬ್ಬರ್ ಉಂಡೆಗೆ ಹೋಯಿತು.

ಪೊಂ, ಪೊಂ.

ಆಡುಗಳು ಪಕ್ಕಕ್ಕೆ ಹೋದವು. ಗುರಣ್ಣ ಎಕ್ಸಲರೇಟರ್ ತಿರುವಿದ. ಗಾಡಿ ಒಮ್ಮೆಲೇ ಹಗುರಾಗಿ ಮುಂದಕ್ಕೆ ನೆಗೆಯಿತು. ಎಂಥ ಕಸುವು, ಎಂಥ ಎಳೆತ. ಫಿರೋಜನ ಕೈಗೆ ಬಂಗಾರದ ಕಡಗ ಹಾಕಬೇಕು ಎಂದುಕೊಂಡ. ರಸ್ತೆಯ ಎರಡೂ ಕಡೆ ನಿಂತ ಜನ ಕೈ ಬೀಸಿ ಏನೋ ಕೂಗುತ್ತಿದ್ದರು. ಹೆಲ್ಮೆಟ್ಟಿನೊಳಗಿಂದ ಗುರಣ್ಣ ಅವರಿಗೆ ತಲೆಯಾಡಿಸಿದ. ಒಬ್ಬ ಹೆಂಗಸಂತೂ ಹಿಂದಕ್ಕೆ ಕೈ ತೋರಿಸಿ ತೋರಿಸಿ ಕೂಗಿದಳು, ಹಿಂದಿನವರನ್ನೆಲ್ಲ ಸೋಲಿಸಿದೆ ಎನ್ನುತ್ತಿದ್ದಾಳೆ ಎಂದು ಅವನು ಅರ್ಥ ಮಾಡಿಕೊಂಡ. ಐದನೇ ತಿರುವು ಕಳೆದು, ಸುಣ್ಣದ ಗೆರೆ ದಾಟಿ, ಚಪ್ಪಟೆ ಕಲ್ಲಿನ ಪಕ್ಕ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, "ಬಂದೆವಲ್ಲ ಕುಂತು" ಎನ್ನುತ್ತ ಹಿಂದಕ್ಕೆ ತಿರುಗಿದ.

ಸೀಟು ಖಾಲಿಯಿತ್ತು.

ಗೆರೆಯ ಬಳಿ ಗಡಿಯಾರ ಹಿಡಿದು ನಿಂತಿದ್ದವಳು ಅನುರಾಧಾ. "ಕಾಕಾ, ಕಾಕು ಎಲ್ಲ್ಯಾರ?" ಎಂದಳು.

ಮೂವತ್ತೇಳು ವರ್ಷ ನೀರಿನ ಅಳತೆ ತಪ್ಪದವನಿಗೆ, ಬೆನ್ನ ಹಿಂದಿದ್ದ ಹೆಂಡತಿ ಇಳಿದದ್ದು ಅಳತೆಗೆ ಸಿಕ್ಕಿರಲಿಲ್ಲ. ಗುರಣ್ಣ ಗಾಡಿ ತಿರುಗಿಸಿದ. ಕೆಳಗಿನಿಂದ ಗಾಡಿಗಳು ಬರುತ್ತಿವೆ, ಹೋಗಬೇಡಿ ಎಂದು ಅನುರಾಧಾ ಅಂದದ್ದು ಕೇಳಿಸಿತು. ಎಂಜಿನ್ ಆರಿಸಿ, ರಸ್ತೆಯ ಅಂಚು ಹಿಡಿದು, ಬ್ರೇಕ್ ಒತ್ತುತ್ತ ಒತ್ತುತ್ತ ಇಳಿದ.

ಸಾಯಬಮ್ಮ ಬೇವಿನ ಬೇರಿನ ಮೇಲೆ ಕೂತಿದ್ದಳು. ಹೆಲ್ಮೆಟ್ಟು ತೊಡೆಯ ಮೇಲಿತ್ತು, ಒಂದು ಆಡು ಅದರ ಪಟ್ಟಿ ಮೂಸುತ್ತಿತ್ತು. ಬಲಮೊಣಕಾಲನ್ನು ನೀಡಿ ಉಜ್ಜಿಕೊಳ್ಳುತ್ತಿದ್ದಳು.

"ಯಾಕ ಇಳದಿ?" ಎಂದ ಗುರಣ್ಣ.

"ನೀವೇ ಹಾರ್ನ್ ಹಾಕಿದ್ರಲ್ಲ."

"ಅದು ಆಡಿಗೆ ಹಾಕಿದ್ದು."

"ನನಗ ಹ್ಯಾಂಗ ತಿಳೀಬೇಕ್ರಿ? ಆಡಿಗೂ ಅದೇ ಹಾರ್ನು, ನನಗೂ ಅದೇ ಹಾರ್ನು."

ಅವಳು ಸಿಟ್ಟಾಗಿರಲಿಲ್ಲ, ಅದಕ್ಕೇ ಗುರಣ್ಣನಿಗೆ ಹೆದರಿಕೆಯಾಯಿತು. ಇನ್ನು ಈ ಗಾಡಿ ಹತ್ತುವುದಿಲ್ಲ ಎಂಬುದು ಅವಳ ಮುಖದಲ್ಲಿ ಆಗಲೇ ಮುಗಿದುಹೋದ ವಿಷಯದಂತಿತ್ತು.

"ಹತ್ತು" ಎಂದ. "ಇಲ್ಲಿಂದಲೇ ಏರ್ತೀನಿ."

"ಆಟೋ ಕರೀರಿ."

"ಹತ್ತ, ನಿನಗ ಕೈ ಮುಗೀತೀನಿ."

ಅವಳು ಹತ್ತಿದಳು, ಬೇಡಿಕೊಂಡನೆಂದು ಹತ್ತಿದಳೋ ಜನ ನೋಡುತ್ತಿದ್ದಾರೆಂದು ಹತ್ತಿದಳೋ ತಿಳಿಯದು. ಓಡಿ ಬಂದ ವೇಗದಲ್ಲಿ ಆ ಏರನ್ನು ಇಬ್ಬರೊಂದಿಗೆ ಏರುವುದು ಬೇರೆ, ನಿಂತಲ್ಲಿಂದ ಏಳುವುದು ಬೇರೆ. ಗುರಣ್ಣ ಕ್ಲಚ್ಚು ಬಿಟ್ಟ, ಗಾಡಿ ಮುಗ್ಗರಿಸಿತು. ಮತ್ತೆ ಬಿಟ್ಟ. ಮೂರನೇ ಸಲ ಜಿದ್ದಿಗೆ ಬಿದ್ದು ಎಕ್ಸಲರೇಟರನ್ನು ಪೂರ್ತಿ ತಿರುವಿ ಹಿಡಿದ. ಸುಟ್ಟ ವಾಸನೆ ಬಂತು, ಎಂಜಿನ್ ಕಿರುಚಿತು, ಗಾಲಿ ಮಾತ್ರ ಗೇಣಷ್ಟೂ ಸರಿಯಲಿಲ್ಲ. ಕೆಳಗಿನಿಂದ ಓಡಿ ಬಂದ ಫಿರೋಜ್ ಮೂಗು ಮುಚ್ಚಿಕೊಂಡ.

"ಕ್ಲಚ್ ಪ್ಲೇಟ್ ಸುಟ್ಟಾವ್ರಿ ಕಾಕಾ. ಇನ್ನ ಇಬ್ಬರನ್ನ ಎಳಿಯಂಗಿಲ್ಲ. ಒಬ್ಬರ ಭಾರ ಆದ್ರ, ಅದೂ ಯಾರಾರ ನೂಕಿದ್ರ, ಏರಬಹುದು."

ಸಾಯಬಮ್ಮ ಇಳಿಯಲೆಂದು ಸೆರಗು ಸಿಕ್ಕಿಸಿಕೊಂಡಳು. ನಲವತ್ತು ವರ್ಷದ ಅಭ್ಯಾಸ.

"ಇಳೀಬ್ಯಾಡ" ಎಂದ ಗುರಣ್ಣ. ತಾನು ಇಳಿದ.

ಫಿರೋಜ್ ನೂಕಲು ಬಂದ. ಗುರಣ್ಣ ಬೇಡವೆಂದು ಕೈ ಮಾಡಿದ. ಧೋತ್ರ ಮೇಲೆ ಕಟ್ಟಿ, ಗಾಡಿಯ ಎಡಕ್ಕೆ ನಿಂತು, ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದು, ಒಂದನೇ ಗೇರಿನಲ್ಲಿ ಎಂಜಿನ್ ಎಷ್ಟು ಎಳೆಯುತ್ತದೋ ಅಷ್ಟು ಎಳೆಸುತ್ತ, ಉಳಿದದ್ದನ್ನು ತಾನು ನೂಕುತ್ತ ಹೊರಟ. ಹಿಂದೆ ಸಾಯಬಮ್ಮ ಸೀಟಿನ ಪಟ್ಟಿ ಹಿಡಿದು ನೆಟ್ಟಗೆ ಕೂತಿದ್ದಳು. ಹಿಂದೆ ಉಳಿದಿದ್ದ ಗಾಡಿಗಳು ಒಂದೊಂದಾಗಿ ಅವರನ್ನು ದಾಟಿ ಹೋದವು. ಚರ್ಮದ ಕೋಟಿನವನೊಬ್ಬ ಹೆಬ್ಬೆರಳು ಎತ್ತಿ ತೋರಿಸಿದ. ಗುರಣ್ಣನಿಗೆ ಅವನನ್ನು ನೋಡುವ ಪುರಸೊತ್ತು ಇರಲಿಲ್ಲ.

ನೂರು ಹೆಜ್ಜೆಗೆ ಬೆನ್ನು ಒದ್ದೆಯಾಯಿತು. ಇನ್ನೂರಕ್ಕೆ ಮೀನಖಂಡ ಬಿಗಿಯಿತು. ನಾಲ್ಕನೇ ತಿರುವು ಇಲ್ಲೇ ಇದೆ ಎಂದುಕೊಂಡಿದ್ದ, ಅದು ಅಲ್ಲಿರಲಿಲ್ಲ. ಗಾಡಿಯ ಮೇಲೆ ಕೂತು ನೋಡಿದಾಗ ಪಕ್ಕದಲ್ಲಿ ಸರಕ್ಕನೆ ಹೋಗುತ್ತಿದ್ದ ಹುಣಸೆ ಗಿಡವೊಂದು ಎಷ್ಟು ನಡೆದರೂ ಹತ್ತಿರ ಬರಲೊಲ್ಲದು. ರಸ್ತೆಯಲ್ಲಿ ಜಲ್ಲಿ ಇತ್ತು, ಕಾಲಡಿಗೆ ಜಾರುತ್ತಿತ್ತು. ಬಿಸಿಲು ಎದುರಿಗೆ ಬರುತ್ತಿತ್ತು. ಇದೆಲ್ಲ ಇಲ್ಲಿ ಮೊದಲಿಂದಲೂ ಇತ್ತೇನೋ, ಅವನು ಈ ರಸ್ತೆಯ ಮೇಲೆ ಕಾಲಿಟ್ಟದ್ದೇ ಇವತ್ತು.

ನಿಂತ. ಗಾಲಿಗೆ ಕಲ್ಲು ಕೊಟ್ಟ. ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಉಸಿರು ತೆಗೆದುಕೊಂಡ.

"ಇಷ್ಟು ಏರು ಅದ ಅಂತ ನನಗ ಗೊತ್ತಿದ್ದಿಲ್ಲ" ಎಂದ.

"ನೀವ್ ಯಾವತ್ತು ಕೇಳಿದ್ರಿ?" ಎಂದಳು ಸಾಯಬಮ್ಮ.

ಕೇಳಿರಲಿಲ್ಲ. ಚೊಚ್ಚಲ ಬಸುರಿಯಾಗಿದ್ದಾಗ ನಡೆದಿದ್ದಳು. ಅಪ್ಪ ಸತ್ತ ದಿನ ಅಳುತ್ತ ನಡೆದಿದ್ದಳು. ಕಂಕುಳಲ್ಲಿ ಒಂದು, ಕೈಯಲ್ಲೊಂದು ಮಗು ಇಟ್ಟುಕೊಂಡು ನಡೆದಿದ್ದಳು. ಗುರಣ್ಣ ಪ್ರತಿ ಸಲವೂ ಮೇಲೆ ಬೀಡಿ ಸೇದುತ್ತಿದ್ದ. ಅವನಿಗೆ ಈಗ ಬಂದದ್ದು ತನ್ನದೇ ನಾಚಿಕೆ, ಗಾಡಿಯ ನಾಚಿಕೆಯಲ್ಲ. ಆದರೆ ಅದನ್ನು ಬಾಯಿ ಬಿಟ್ಟು ಹೇಳಲು ಅವನಲ್ಲಿ ಈಗ ಉಸಿರು ಉಳಿದಿರಲಿಲ್ಲ. ಕಲ್ಲು ಒದ್ದು ಸರಿಸಿ ಮತ್ತೆ ನೂಕಿದ.

ಮೇಲೆ ಮುಟ್ಟಿದಾಗ ಬಹುಮಾನಗಳನ್ನು ಹಂಚಿ ಆಗಿತ್ತು, ಜನ ಉಪ್ಪಿಟ್ಟು ತಿನ್ನುತ್ತಿದ್ದರು. ಅನುರಾಧಾ ಗಡಿಯಾರವನ್ನು ಚೀಲಕ್ಕೆ ಹಾಕಿರಲಿಲ್ಲ. ಸುಣ್ಣದ ಗೆರೆ ಅಷ್ಟರಲ್ಲಿ ತುಳಿದಾಟದಲ್ಲಿ ಅಳಿಸಿತ್ತು. ಕಲ್ಲಿನ ಸಾವ್ಕಾರ ಉಪ್ಪಿಟ್ಟಿನ ತಟ್ಟೆ ಹಿಡಿದೇ ಎದ್ದು ಬಂದು ಪರಿಶೀಲಿಸಿದ. ಷರತ್ತು ಇಬ್ಬರೂ ಕೂತು ಬರಬೇಕೆಂದು. ಒಬ್ಬರು ಕೂತು ಬಂದಿದ್ದಾರೆ, ಒಬ್ಬರು ನಡೆದು ಬಂದಿದ್ದಾರೆ. ಆದ್ದರಿಂದ ಐದು ಜಾಕೀಟು ಎಂದು ತೀರ್ಮಾನ ಕೊಟ್ಟ. ವ್ಯಾಪಾರಿಯ ತೀರ್ಮಾನ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಅನುರಾಧಾ ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಎರಡು ತುತ್ತು ತಿಂದು, ಆರು ಎಂದ.

ಗುರಣ್ಣ ಇದನ್ನೆಲ್ಲ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಅದನ್ನೇ ತಬ್ಬಿ ಹಿಡಿದು ನಿಂತಿದ್ದ. ಎದೆ ತಿದಿಯಂತೆ ಏರಿಳಿಯುತ್ತಿತ್ತು. ತಲೆ ಎತ್ತಿ ನೋಡಿದರೆ ಸಾಯಬಮ್ಮ ಸೀಟಿನ ಮೇಲಿರಲಿಲ್ಲ. ಅವಳು ಕುಂಟುತ್ತ ಹೋಗಿ ಚಪ್ಪಟೆ ಕಲ್ಲಿನ ಮೇಲೆ ಕೂತಾಗಿತ್ತು. ಗುರಣ್ಣ ಕಾಲೆಳೆಯುತ್ತ ಅತ್ತ ನಡೆದ. ಅವನು ಎದುರಿಗೆ ಬಂದು ನಿಲ್ಲುವ ತನಕ ಅವಳು ಕಾದಳು.

"ಭಾಳ ಹೊತ್ತು ಮಾಡಿದ್ರಿ" ಎಂದಳು.

ಗುರಣ್ಣ ಏನೂ ಹೇಳಲಿಲ್ಲ. ಅವನಿಗೆ ಆಗ ಉಸಿರು ಬೇಕಾಗಿತ್ತು. ಅವಳು ಒಂದಿಷ್ಟು ಸರಿದು ಜಾಗ ಕೊಟ್ಟಳು. ಅವನು ಕೂತ. ಬೀಡಿ ಕಿಸೆಯಲ್ಲೇ ಇತ್ತು, ತೆಗೆಯಲಿಲ್ಲ. ಯಾರೋ ಎರಡು ತಟ್ಟೆ ಉಪ್ಪಿಟ್ಟು ತಂದುಕೊಟ್ಟರು, ತಣ್ಣಗಾಗಿತ್ತು, ತಿಂದರು.

ಬಿಸಿಲು ಇಳಿಯುವ ಹೊತ್ತಿಗೆ ಫಿರೋಜ್ ಗಾಡಿ ಹಾಕಿಕೊಂಡು ಹೋಗಲು ಟಂಟಂ ಎನ್ನುವ ಸಾಮಾನಿನ ಆಟೋ ತಂದ. ಕಾಕುವಿಗೆ ಮುಂದೆ ಡ್ರೈವರನ ಪಕ್ಕ ಜಾಗವಿದೆ ಎಂದ. ಇಳಿಜಾರಿಗೆ ಕ್ಲಚ್ಚು ಬೇಕಿಲ್ಲ, ಬ್ರೇಕ್ ಇದ್ದರೆ ಸಾಕು ಎಂದು ಗುರಣ್ಣ ಮೆಲ್ಲಗೆ ಅಂದ. ಯಾರಿಗೆ ಅಂದನೆಂದು ಹೆಸರಿಟ್ಟು ಹೇಳಲಿಲ್ಲ. ಗಾಡಿ ಹತ್ತಿ, ಸ್ಟ್ಯಾಂಡು ತೆಗೆದು, ಹಿಂದೆ ನೋಡದೆ ಕೂತ.

ಸಾಯಬಮ್ಮ ಎದ್ದು ಬಂದಳು. ಮೊದಲು ಗಾಡಿಯ ಮುಂದಕ್ಕೆ ಹೋದಳು. ಹಿತ್ತಾಳೆ ಹಾರ್ನಿನ ಬಾಲದಿಂದ ರಬ್ಬರ್ ಉಂಡೆಯನ್ನು ತಿರುವಿ ಕಿತ್ತು, ನಡುವಿಗೆ ಸಿಕ್ಕಿಸಿದ್ದ ಎಲೆಅಡಿಕೆಯ ಸಂಚಿಯೊಳಗೆ ತುರುಕಿ, ದಾರ ಎಳೆದು ಕಟ್ಟಿದಳು. ಆಮೇಲೆ ಹಿಂದೆ ಬಂದು, ಗಂಡನ ಹೆಗಲ ಮೇಲೆ ಕೈಯಿಟ್ಟು ಹತ್ತಿ ಕೂತಳು.

"ನಡೀರಿ ಈಗ" ಎಂದಳು.

ಬೇವಿನ ತಿರುವಿನಲ್ಲಿ ಆ ನಾಲ್ಕು ಆಡುಗಳು ಇನ್ನೂ ರಸ್ತೆಯಲ್ಲೇ ಇದ್ದವು. ಗುರಣ್ಣ ಬಾಯಿಂದಲೇ ಹೋ ಹೋ ಎಂದು ಅವನ್ನು ಓಡಿಸಿದ.